ವಿಷ್ಣುಕ್ರಾಂತಿಯೋ ವಿಷ್ಣುಕ್ರಾಂತೆಯೋ, ಮತ್ತೆ ಅದು ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ಕುರುಚಲು ಕಾಡಿನ ಅಂಚಲ್ಲಿ, ಗೋಮಾಳದಲ್ಲಿ, ಗರಸು ಮಣ್ಣಲ್ಲಿ ನೆಲಕ್ಕಂಟಿಕೊಂಡು ಹರಡೋ ಒಂದು ಪುಟ್ಟ ನೀಲಿ ಹೂವಿನ ಗಿಡ ಇದ್ಯಲ್ಲ, ವಿಷ್ಣುಕ್ರಾಂತಿ ಅಂತೀವಲ್ಲ, ಅದರ ಹೆಸರಿನ ಬಗ್ಗೆ ಕೇಳ್ಬೇಕಿತ್ತು. ಹೂವು ಅಂಗಿ ಗುಂಡಿಗಿಂತ ಚಿಕ್ಕದು, ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳತ್ತೆ, ಎಲೆ ಕಾಂಡದ ಮೇಲೆಲ್ಲ ಸಣ್ಣ ಬಿಳಿ ರೋಮ. ತುಮಕೂರು ಹತ್ರ ದೇವರಾಯನದುರ್ಗದ ಕಡೆ ಮಳೆ ಬಿದ್ದ ಮೇಲೆ ಬಗ್ಗಿ ನೋಡಿದ್ರೆ ಕಾಣತ್ತೆ, ನಿಂತು ನೋಡಿದ್ರೆ ಹುಲ್ಲಲ್ಲೇ ಮುಚ್ಚಿಹೋಗತ್ತೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಇವೊಲ್ವುಲಸ್ ಆಲ್ಸಿನಾಯ್ಡಿಸ್ ಅಂತ ಹೆಸರು.

ಮೊದಲು ಪದದ ರೂಪ. ಸಂಸ್ಕೃತದಲ್ಲಿ ವಿಷ್ಣುಕ್ರಾಂತಾ. ಆಕಾರಾಂತ ಪದ ಕನ್ನಡಕ್ಕೆ ಬಂದ್ರೆ ಎಕಾರ ಆಗೋದು ವಾಡಿಕೆ, ಲತಾ ಲತೆ ಆಯ್ತು, ಮಾಲಾ ಮಾಲೆ ಆಯ್ತು, ಹಾಗಿದ್ಮೇಲೆ ಇದು ವಿಷ್ಣುಕ್ರಾಂತೆ ಆಗ್ಬೇಕಿತ್ತಲ್ವಾ, ಆದ್ರೆ ಎಲ್ಲರ ಬಾಯಲ್ಲೂ ಕ್ರಾಂತಿ. ಸಂಕ್ರಾಂತಿ ಪದ ನಾಲಿಗೆಗೆ ಮೊದಲೇ ರೂಢಿ ಇದ್ದಿದ್ರಿಂದ ಇದೂ ಅದೇ ದಾರಿ ಹಿಡೀತು ಅಂತ ನನ್ನ ಊಹೆ, ಆದ್ರೆ ತಮಿಳು ಮಲಯಾಳದಲ್ಲೂ ಇಕಾರವೇ ಇದೆ, ಹಾಗಾಗಿ ಬರೀ ಕನ್ನಡದೊಳಗೆ ಉತ್ತರ ಹುಡುಕಿದ್ರೆ ಸಾಲದೇನೋ. ಇನ್ನು ಕೆಲವರು ವಿಷ್ಣುಕಾಂತಿ ಅಂತ ಬರೀತಾರೆ, ವಿಷ್ಣುವಿನ ಮೈಬಣ್ಣ ಅಂತ ಅರ್ಥ ಹಚ್ಚಿ. ಕೇಳೋಕೆ ಚೆನ್ನಾಗಿದೆ, ಆದ್ರೆ ಮೂಲ ಅದಲ್ಲ. ಕ್ರಾಂತ ಅಂದ್ರೆ ಹೆಜ್ಜೆ ಇಟ್ಟದ್ದು, ಮೆಟ್ಟಿದ್ದು. ಮೃತ್ತಿಕೆ ಅಂದ್ರೆ ಮಣ್ಣು ಹಚ್ಚಿಕೊಂಡು ಸ್ನಾನ ಮಾಡುವಾಗ ಹೇಳೋ ಮಂತ್ರದಲ್ಲಿ ಭೂಮಿಯನ್ನೇ "ಅಶ್ವಕ್ರಾಂತೇ ರಥಕ್ರಾಂತೇ ವಿಷ್ಣುಕ್ರಾಂತೇ" ಅಂತ ಕರೀತಾರೆ, ತ್ರಿವಿಕ್ರಮ ಹೆಜ್ಜೆ ಇಟ್ಟ ನೆಲ ಅಂತ. ಭೂಮಿಗೆ ಹೇಳೋ ಮಾತನ್ನೇ ನೆಲಕ್ಕೆ ಇಷ್ಟು ಹತ್ತಿರ ಇರೋ ಗಿಡಕ್ಕೂ ಹೇಳ್ತೀವಿ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ನಿಜವಾದ ತೊಡಕು ಶುರುವಾಗೋದು ಇಲ್ಲಿಂದ. ಹಳೇ ಸಂಸ್ಕೃತ ನಿಘಂಟು ಅಮರಕೋಶದಲ್ಲಿ ಗಿಡಮರಗಳ ಹೆಸರಿರೋ ವನೌಷಧಿವರ್ಗ ತೆಗೆದು ನೋಡಿದ್ರೆ ಆಸ್ಫೋಟಾ, ಗಿರಿಕರ್ಣೀ, ವಿಷ್ಣುಕ್ರಾಂತಾ, ಅಪರಾಜಿತಾ ನಾಲ್ಕೂ ಒಂದೇ ಗಿಡದ ಹೆಸರು. ಗಿರಿಕರ್ಣಿಕೆ, ಅಪರಾಜಿತ ಅಂದ್ರೆ ಬೇಲಿ ಮೇಲೆ ಹಬ್ಬೋ ಶಂಖಪುಷ್ಪದ ಬಳ್ಳಿ, ಅವರೆ ಜಾತಿದು, ಸಸ್ಯಶಾಸ್ತ್ರದಲ್ಲಿ ಕ್ಲಿಟೋರಿಯ ಟರ್ನೇಟಿಯ. ಹಾಗಾದ್ರೆ ಗಣೇಶನ ಹಬ್ಬದ ಇಪ್ಪತ್ತೊಂದು ಪತ್ರೆಯಲ್ಲಿ ಬರೋ ವಿಷ್ಣುಕ್ರಾಂತ ಪತ್ರ ಯಾವ್ದು? ಬಳ್ಳಿ ಎಲೆಯೋ ನೆಲದ ಗಿಡದ ಎಲೆಯೋ? ಕೇರಳದ ದಶಪುಷ್ಪ ಅನ್ನೋ ಹತ್ತು ಪವಿತ್ರ ಗಿಡಗಳಲ್ಲಿ ಮಾತ್ರ ಅನುಮಾನಕ್ಕೆ ಜಾಗ ಇಲ್ಲ, ಅಲ್ಲಿ ವಿಷ್ಣುಕ್ರಾಂತಿ ಅಂದ್ರೆ ನಮ್ಮ ಈ ಪುಟ್ಟ ಗಿಡವೇ. ಶಂಖಪುಷ್ಪಿ ಅನ್ನೋ ಔಷಧಿ ಹೆಸರಂತೂ ಇನ್ನೂ ಗೋಜಲು. ಉತ್ತರದ ಕಡೆ ಕನ್ವಾಲ್ವುಲಸ್ ಜಾತಿಯ ಬಿಳಿ ಹೂವಿನ ಗಿಡ, ಕೇರಳದಲ್ಲಿ ಬೇಲಿ ಬಳ್ಳಿ, ಕೆಲವು ಕಡೆ ಈ ವಿಷ್ಣುಕ್ರಾಂತಿಯನ್ನೂ ಶಂಖಪುಷ್ಪಿ ಅಂತಾನೇ ಮಾರ್ತಾರೆ. ಮದ್ದಿನ ವಿಷಯ ಆದ್ರಿಂದ ಇದು ಬರೀ ಪದದ ಜಗಳ ಅಲ್ಲ, ಯಾವ ಗಿಡ ಅಂತ ಖಚಿತ ಆಗ್ದೆ ಯಾರೂ ಕಿತ್ತು ಅರೆದು ಕುಡೀಬಾರ್ದು.

ಈಗ ಇದರ ಮೇಲೆ ನರ್ಸರಿಯವರ ಹೆಸರು ಬೇರೆ ಸೇರಿದೆ. ವಿಷ್ಣುಕ್ರಾಂತಿ ಕೊಡಿ ಅಂದ್ರೆ ಕುಂಡದಲ್ಲಿ ದಟ್ಟವಾಗಿ ಬೆಳೆದಿರೋ, ಹೂವು ಎರಡು ಸೆಂಟಿಮೀಟರ್‌ಗೂ ಮೀರಿದ ಗಿಡ ತಂದು ಕೊಡ್ತಾರೆ, ಅದು ದಕ್ಷಿಣ ಅಮೆರಿಕದ ಇವೊಲ್ವುಲಸ್ ಗ್ಲೋಮೆರೇಟಸ್, ಬ್ಲೂ ಡೇಜ್ ಅಂತ ವ್ಯಾಪಾರದ ಹೆಸರು. ಒಂದೇ ಕುಲದ ಅಕ್ಕತಂಗಿಯರೇ ನಿಜ, ಚೆಂದವೂ ಇದೆ, ಕಟಿಂಗ್ ಊರಿದ್ರೆ ಸುಲಭವಾಗಿ ಬರತ್ತೆ, ಬಿಸಿಲು ಮತ್ತು ನೀರು ಬಸಿದು ಹೋಗೋ ಮಣ್ಣು ಇದ್ರೆ ಸಾಕು. ಆದ್ರೆ ಅದನ್ನ ವಿಷ್ಣುಕ್ರಾಂತಿ ಅಂತ ಕರೆದು ಕರೆದು ಕಾಡಿನ ಗಿಡದ ಹೆಸರೇ ಅದರ ಪಾಲಾದ್ರೆ ಮುಂದಿನವರಿಗೆ ನಮ್ಮದು ಯಾವ್ದು ಅಂತ ತೋರ್ಸೋದು ಹೇಗೆ? ನನ್ನ ಸಲಹೆ, ಕುಂಡದ್ದಕ್ಕೆ ಸೀಮೆ ವಿಷ್ಣುಕ್ರಾಂತಿ ಅಂದುಬಿಡೋಣ, ಸೀಮೆಹುಣಸೆ ಸೀಮೆಬದನೆ ಅಂತ ಹೊರಗಿಂದ ಬಂದದ್ದಕ್ಕೆ ಹಿಂದಿನವರು ಇಟ್ಟ ಹಾಗೇ.

ನಾಡಿನದ್ದನ್ನೇ ಬೆಳೆಸೋ ಆಸೆ ಇರೋರಿಗೆ ಒಂದು ಮಾತು, ದಯವಿಟ್ಟು ಕಾಡಿಂದ ಕಿತ್ತು ತರ್ಬೇಡಿ. ಮೇಲೆ ಗೇಣುದ್ದ ಕಂಡ್ರೂ ಬೇರು ಗಟ್ಟಿಯಾಗಿ ಆಳಕ್ಕೆ ಇಳಿದಿರತ್ತೆ, ಕೀಳುವಾಗ ತುಂಡಾದ್ರೆ ಗಿಡ ಉಳಿಯೋದು ಕಷ್ಟ. ಕಾಯಿ ಒಣಗಿದ್ಮೇಲೆ ಬೀಜ ತಂದು, ಸಿಪ್ಪೆ ಗಟ್ಟಿ ಇರೋದ್ರಿಂದ ಮರಳಲ್ಲಿ ಸ್ವಲ್ಪ ಉಜ್ಜಿ, ಕೆಮ್ಮಣ್ಣು ಮರಳು ಬೆರೆಸಿದ ಕುಂಡಕ್ಕೆ ಹಾಕಿ ಬಿಸಿಲಲ್ಲಿಡಿ. ಗೊಬ್ಬರ ಜಾಸ್ತಿ ಬೇಡ, ನೀರು ನಿಲ್ಲಲೇಬಾರದು. ಹಬ್ಬೋದಕ್ಕೆ ಕೋಲು ಕಟ್ಟೋದೂ ಬೇಡ, ಯಾಕಂದ್ರೆ ಇದು ಸುತ್ತಿಕೊಳ್ಳೋ ಜಾತಿ ಅಲ್ಲ. ಗಿಡಗಳಿಗೆ ಎರಡು ಪದದ ಶಾಸ್ತ್ರೀಯ ಹೆಸರಿಡೋ ಪದ್ಧತಿ ತಂದ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನ ಕನ್ವಾಲ್ವುಲಸ್ ಅಂದ್ರೆ ಸುತ್ತಿಕೊಳ್ಳೋ ಬಳ್ಳಿಗಳ ಜೊತೆ ಸೇರಿಸಿದ್ದ, ಆಮೇಲೆ 1762ರಲ್ಲಿ ಇವೊಲ್ವುಲಸ್ ಅಂತ ಬೇರೆ ಕುಲ ಮಾಡಿದ, ಸುತ್ತು ಬಿಚ್ಚಿಕೊಂಡದ್ದು ಅನ್ನೋ ಅರ್ಥದಲ್ಲಿ.

ತಿಳಿದವರು ಹೇಳ್ಬೇಕು. ಹಳೆಗನ್ನಡದ ವೈದ್ಯ ಅಥವಾ ನಿಘಂಟುಗಳಲ್ಲಿ ವಿಷ್ಣುಕ್ರಾಂತೆ ಅಂತ ಎಕಾರದ ರೂಪ ಯಾರಾದ್ರೂ ನೋಡಿದ್ದೀರಾ? ನಿಮ್ಮನೇಲಿ ಗಣೇಶನಿಗೆ ಏರಿಸೋದು ಯಾವ ಎಲೆ? ಮುಖ್ಯವಾಗಿ, ಕುರಿ ದನ ಮೇಯಿಸೋರು ಈ ಗಿಡಕ್ಕೆ ಸಂಸ್ಕೃತದ್ದಲ್ಲದ ಅಚ್ಚಕನ್ನಡದ ಹೆಸರು ಏನಾದ್ರೂ ಹೇಳ್ತಾರಾ? ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ ಕಡೆಯವರು ಕೇಳಿ ನೋಡಿ, ಹೆಸರಿನ ಜೊತೆ ಊರಿನ ಹೆಸರೂ, ಸಾಧ್ಯವಾದ್ರೆ ಹೂವು ಎಲೆ ಎರಡೂ ಕಾಣೋ ಫೋಟೋನೂ ಹಾಕಿ.