ಮೋಹನ ರಾಗದ ಸ್ವರ ನುಡಿಸಿ ‘ಇಥಿಯೋ-ಜಾಝ್’ ಅಂತ ಹೆಸರಿಡಬಹುದೇ?

ಬೇಸ್‌ಲೈನ್_ಬಸವನಗುಡಿ (ಪ್ರಶ್ನೆ)

ನಮ್ಮದು ಐದು ಜನರ ಬ್ಯಾಂಡು: ಟೆನರ್ ಸ್ಯಾಕ್ಸೋಫೋನ್, ಕೀಬೋರ್ಡ್, ವಾ-ವಾ ಪೆಡಲ್ ಹಾಕಿದ ಗಿಟಾರ್, ಬೇಸ್, ಡ್ರಮ್ಸ್. 1970ರ ಆಸುಪಾಸಿನ ಆಡಿಸ್ ಅಬಾಬಾದ (ಇಥಿಯೋಪಿಯಾದ ರಾಜಧಾನಿ) ರೆಕಾರ್ಡುಗಳ ಶೈಲಿಯಲ್ಲಿ, ಅಂದರೆ ಅಲ್ಲಿನ ಐದು ಸ್ವರದ ಧಾಟಿಗೆ ಜಾಝ್ ಬೆರೆಸಿದ ಇಥಿಯೋ-ಜಾಝ್‌ನಲ್ಲಿ ನಾಲ್ಕು ಟ್ರ್ಯಾಕ್ ಮಾಡುತ್ತಿದ್ದೇವೆ. ಎರಡು ಸ್ವಂತದ್ದು, ಒಂದು ಈ ಶೈಲಿ ಕಟ್ಟಿದ ಮುಲಾತು ಅಸ್ತಾತ್ಕೆ ಅವರ ರಚನೆ, ಇನ್ನೊಂದು ಅಲ್ಲಿನ ಸಾಂಪ್ರದಾಯಿಕ ಹಾಡು ‘ತಿಜಿತಾ’ (ಒಂದು ಸ್ವರಶ್ರೇಣಿಯ ಹೆಸರೂ ಇದೇ).

ಡೆಮೊ ಕೇಳಿದವರಲ್ಲಿ ಎರಡು ಪಂಗಡ. ಒಬ್ಬರು "ಇದು ಮೋಹನ, ಅದು ಶುದ್ಧ ಧನ್ಯಾಸಿ, ಇಥಿಯೋಪಿಯಾ ಹೆಸರು ಯಾಕೆ?" ಅಂತಾರೆ. ಇನ್ನೊಬ್ಬರು "ಬೆಂಗಳೂರಿನವರು ನುಡಿಸಿದ್ದು ಇಥಿಯೋ-ಜಾಝ್ ಹೇಗಾಗುತ್ತೆ? ಫ್ಯೂಷನ್ ಅಂತ ಹಾಕಿ" ಅಂತಾರೆ. ಅಪ್‌ಲೋಡ್ ಮಾಡುವಾಗ ಯಾವ ಹೆಸರು ಸರಿ? ಇನ್ನೊಂದು ಮಾತು: ಸ್ವರ ಎಲ್ಲ ಸರಿಯಾಗೇ ಇದೆ, ಆದರೂ ಆ ಬಣ್ಣ ಬರುತ್ತಿಲ್ಲ. ಕಾರಣ ಏನಿರಬಹುದು?

ಐದುಸ್ವರ

ಎರಡನೇ ಪ್ರಶ್ನೆ ಮೊದಲು. ಸ್ವರ ಸರಿಯಿದ್ದೂ ಬಣ್ಣ ಇಲ್ಲ ಅಂದರೆ ನನ್ನ ಅನುಮಾನ ಕೀಬೋರ್ಡಿನ ಎಡಗೈ ಮೇಲೆ. ಷಡ್ಜ (ಸ) ಕೀಬೋರ್ಡಿನ ‘ಸಿ’ ಅಂತ ಇಟ್ಟುಕೊಳ್ಳಿ. ಸ್ವರದ ಪಕ್ಕದ ಅಂಕಿ ಆ ಸ್ವರದ ಸ್ಥಾನ ಹೇಳುತ್ತದೆ, ಅಂಕಿ ದೊಡ್ಡದಾದಷ್ಟು ಸ್ವರ ಮೇಲೆ. ಅಲ್ಲಿನ ಮುಖ್ಯ ಸ್ವರಶ್ರೇಣಿಗಳು ಇವು:

ತಿಜಿತಾ ಮೇಜರ್: ಸ ರಿ2 ಗ3 ಪ ದ2 (ಮೋಹನದ ಸ್ವರಗಳು)
ತಿಜಿತಾ ಮೈನರ್: ಸ ರಿ2 ಗ2 ಪ ದ1
ಬಾಟಿ ಮೇಜರ್: ಸ ಗ3 ಮ1 ಪ ನಿ3 (ಗಂಭೀರನಾಟ)
ಬಾಟಿ ಮೈನರ್: ಸ ಗ2 ಮ1 ಪ ನಿ2 (ಶುದ್ಧ ಧನ್ಯಾಸಿ)
ಅಂಬಾಸೆಲ್: ಸ ರಿ1 ಮ1 ಪ ದ1 (ಕರ್ನಾಟಕ ಶುದ್ಧ ಸಾವೇರಿ, ಹಿಂದೂಸ್ತಾನಿಯ ಗುಣಕ್ರಿ)
ಆಂಚಿಹೋಯೆ: ಸ ರಿ1 ಮ1 ಮ2 ದ2, ಪಂಚಮವೇ ಇಲ್ಲ

ಐದೇ ಸ್ವರದಲ್ಲಿ ಎಷ್ಟು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಚ್ಛ) ಹುಟ್ಟುತ್ತವೆ ಅಂತ ಲೆಕ್ಕ ಹಾಕಿ. ತಿಜಿತಾ ಮೈನರ್‌ನಲ್ಲಿ ಮೂರು ಸ್ವರದ ಪೂರ್ಣ ಕಾರ್ಡ್ ಎರಡೇ: ಸಿ ಮೈನರ್, ಎ ಫ್ಲಾಟ್ ಮೇಜರ್. ಜಾಝ್ ಕಲಿತ ಕೈ ಅಷ್ಟಕ್ಕೆ ಸುಮ್ಮನಿರುವುದಿಲ್ಲ, ಅಭ್ಯಾಸಬಲದಿಂದ 2-5-1 (ಜಾಝ್‌ನಲ್ಲಿ ರೂಢಿಯಾದ ಮೂರು ಕಾರ್ಡುಗಳ ಸಾಲು) ಹಾಕುತ್ತದೆ. ಹಾಕಿದ ತಕ್ಷಣ ಮ1, ನಿ3 ಎರಡೂ ನುಸುಳುತ್ತವೆ, ಅಲ್ಲಿಗೆ ಅದು ಎಲ್ಲಿ ಬೇಕಾದರೂ ಕೇಳಿಸುವ ಮೈನರ್ ಜಾಝ್ ಆಯಿತು.

ಅಂಬಾಸೆಲ್ ಇನ್ನೂ ಸೂಕ್ಷ್ಮ. ಅದರಲ್ಲಿ ಗಾಂಧಾರವೇ ಇಲ್ಲ, ಹಾಗಾಗಿ ಷಡ್ಜದ ಮೇಲೆ ಮೇಜರೂ ಇಲ್ಲ, ಮೈನರೂ ಇಲ್ಲ. ಸಿಗುವುದು ಡಿ ಫ್ಲಾಟ್ ಮೇಜರ್ ಮತ್ತು ಎಫ್ ಮೈನರ್. ಷಡ್ಜಕ್ಕೆ ಸಿ ಮೈನರ್ ಒತ್ತಿದಿರೋ, ಗ2 ಬಂದು ತೋಡಿಯ ನೆರಳು ಬೀಳುತ್ತದೆ. ಅಲ್ಲಿ ಬರೀ ಸ-ಪ ಹಿಡಿದು, ರಿ1 ಅನ್ನು ಸ್ಯಾಕ್ಸೋಫೋನಿಗೆ ಬಿಟ್ಟುಕೊಡಿ.

ಮುಲಾತು ಮಾಡಿದ ಕೆಲಸವೇ ಐದು ಸ್ವರದ ಧಾಟಿಯ ಕೆಳಗೆ ಹನ್ನೆರಡು ಸ್ವರದ ಹಾರ್ಮನಿ ಕೂರಿಸಿದ್ದು. ಹಾಗಾಗಿ ಹೊರಗಿನ ಸ್ವರ ನಿಷಿದ್ಧವೇನಲ್ಲ. ಅದು ಹಾದು ಹೋಗಲಿ, ಬಾರಿನ ಮೊದಲ ಏಟಿಗೆ ಬಂದು ಕೂರುವುದು ಬೇಡ. ನಿಮ್ಮ ರೆಕಾರ್ಡಿಂಗಿನಲ್ಲಿ ಕೀಬೋರ್ಡ್ ಟ್ರ್ಯಾಕ್ ಮ್ಯೂಟ್ ಮಾಡಿ ಕೇಳಿ ನೋಡಿ. ಬಣ್ಣ ವಾಪಸ್ ಬಂದರೆ ರೋಗ ಅಲ್ಲೇ ಇದೆ.

ಧಾರವಾಡದ_ಕೇಳುಗ

ನೋಡ್ರಿ, ಸ್ವರ ಒಂದಽ ಅಂದಕೂಡಲೆ ರಾಗ ಒಂದಽ ಆಗೂದಿಲ್ಲ. ಭೂಪ್ ಮತ್ತ ದೇಶಕಾರ್ ರಾಗಕ್ಕ ಐದೂ ಸ್ವರ ಅವಽ ಅದಾವ. ಭೂಪ್‌ನ್ಯಾಗ ಗಂಧಾರದ ಮ್ಯಾಲೆ ನಿಲ್ಲತೀರಿ, ದೇಶಕಾರ್‌ನ್ಯಾಗ ಧೈವತ ಹಿಡೀತೀರಿ. ನಮ್ಮ ಮನ್ಯಾಗಽ ಇಷ್ಟು ಫರಕ್ ಇರಬೇಕಾದ್ರ, ತಿಜಿತಾಕ್ಕ "ಇದು ಮೋಹನ" ಅನ್ನೂದು ಅವಸರದ ಮಾತು.

ಸ್ಯಾಕ್ಸೋಫೋನ್ ನುಡಿಸವರಿಗೆ ಒಂದು ಮಾತು. ಕರ್ನಾಟಕ ಸಂಗೀತ ಕಲಿತ ಕೈ ಆದ್ರ ಗಾಂಧಾರಕ್ಕ ಗಮಕ ತಾನಽ ಬರ್ತದ. ಬಂತು ಅಂದ್ರ ಅದು ಮೋಹನಾನಽ, ಹೆಸರು ಏನರೆ ಇಡ್ರಿ. ತಿಜಿತಾದಾಗ ಉದ್ದ ಸ್ವರ ಸೀದಾ ಹಿಡೀರಿ, ಅಲುಗಾಡಿಸಬ್ಯಾಡ್ರಿ. ಕಡೀ ಭಾಗದಾಗ ಅಷ್ಟಽ ಗಂಟಲಿನಿಂದ ಅಗಲವಾದ ನಡುಕ ಕೊಟ್ಟು, ಒಂದು ಸಣ್ಣ ಮುರ್ಕಿ (ಸ್ವರದ ಚುರುಕು ಸುಳಿ) ಹಂಗ ತಿರುವಿ ಕೆಳಗ ಇಳೀರಿ. ಇಥಿಯೋಪಿಯಾದ ಗೆತಾಚೆವ್ ಮೆಕುರ್ಯಾ ಅವರ ಟೆನರ್ ಸ್ಯಾಕ್ಸೋಫೋನ್ ಕೇಳ್ರಿ. ಫ್ರೀ ಜಾಝ್ (ಕಟ್ಟುಪಾಡಿಲ್ಲದ ಜಾಝ್) ಅನಸ್ತದ, ಆದರ ಅದರ ಬೇರು ‘ಶೆಲ್ಲೆಲಾ’, ಅಲ್ಲಿನ ಯೋಧರ ವೀರಘೋಷ. ಅದನ್ನಽ ಅವರು ಸ್ಯಾಕ್ಸೋಫೋನಿಗೆ ತಂದ್ರು.

ಆಂಚಿಹೋಯೆದಾಗ ಎರಡು ಮಧ್ಯಮ ಬಾಜೂಬಾಜೂ ಬರ್ತಾವ. ಲಲಿತ್ ರಾಗ ಕೇಳಿದ ಕಿವಿಗೆ ಇದು ಹೊಸದಲ್ಲ, ಅಲ್ಲೂ ಪಂಚಮ ಇಲ್ಲ. ಆದರ ಲಲಿತ್‌ನ್ಯಾಗ ಗಂಧಾರ, ನಿಷಾದ ಎರಡೂ ಅದಾವ, ಇಲ್ಲಿ ಎರಡೂ ಇಲ್ಲ. ರಿಷಭದಿಂದ ನೇರ ಮಧ್ಯಮಕ್ಕ ಹಾರಬೇಕು. ನಡುವ ಗಂಧಾರ ಸವರಿದ್ರ ಕೆಡ್ತದ.

ಹಳೇ_ಎಲ್ಪಿ

ಹೆಸರಿನ ವಿಷಯಕ್ಕೆ ಬರ್ತೀನಿ. "ಬೆಂಗಳೂರಿನವರು ನುಡಿಸಿದ್ದು ಅಸಲಿ ಅಲ್ಲ" ಅನ್ನುವವರು ಈ ಸಂಗೀತ ಹುಟ್ಟಿದ ರೀತಿಯನ್ನು ನೋಡಬೇಕು. 1924ರಲ್ಲಿ ರಾಸ್ ತಫಾರಿ (ಮುಂದೆ ಚಕ್ರವರ್ತಿ ಹೈಲೆ ಸೆಲಾಸಿ) ಜೆರುಸಲೇಮಿನಿಂದ 40 ಅರ್ಮೇನಿಯನ್ ಅನಾಥ ಹುಡುಗರನ್ನು ಕರೆತಂದು ಬ್ರಾಸ್ ಬ್ಯಾಂಡ್ ಕಟ್ಟಿಸಿದರು. ಅವರ ಮೇಷ್ಟ್ರು ಕೆವೋರ್ಕ್ ನಲ್ಬಂಡಿಯನ್, ಅವರೂ ಅರ್ಮೇನಿಯನ್. ಆಡಿಸ್‌ನಲ್ಲಿ ತುತ್ತೂರಿ, ಸ್ಯಾಕ್ಸೋಫೋನ್ ಬೇರೂರಿದ್ದು ಅರಮನೆ, ಅಂಗರಕ್ಷಕ ದಳ, ಪೊಲೀಸ್ ಬ್ಯಾಂಡುಗಳಲ್ಲಿ.

1943ರಲ್ಲಿ ಜಿಮ್ಮಾದಲ್ಲಿ ಹುಟ್ಟಿದ ಮುಲಾತು ಓದಿದ್ದು ವೇಲ್ಸ್, ಲಂಡನ್, ಆಮೇಲೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ. 1966ರ ಮೊದಲ ಎಲ್ಪಿಗಳು ಬಂದಿದ್ದು ನ್ಯೂಯಾರ್ಕಿನಿಂದ, ಅವುಗಳ ತುಂಬ ಲ್ಯಾಟಿನ್ ತಾಳ. ಆಮ್ಹಾ ಎಶೆತೆ 1969ರಲ್ಲಿ ರೆಕಾರ್ಡ್ ಹೊರತರುವುದರ ಮೇಲಿದ್ದ ಸರ್ಕಾರದ ಏಕಸ್ವಾಮ್ಯವನ್ನು ಲೆಕ್ಕಿಸದೆ ಆಮ್ಹಾ ರೆಕಾರ್ಡ್ಸ್ ಶುರು ಮಾಡಿದರು. 1974ರಲ್ಲಿ ಸೇನೆ ಅಧಿಕಾರ ಹಿಡಿಯಿತು, ರಾತ್ರಿ ಕರ್ಫ್ಯೂ ಬಿತ್ತು, ಕ್ಲಬ್ಬುಗಳ ಉಸಿರು ಕಟ್ಟಿತು. ನಮ್ಮಲ್ಲಿ ಹೆಚ್ಚಿನವರು ಇದನ್ನೆಲ್ಲ ಕೇಳಿದ್ದು ಫ್ರಾನ್ಸಿಸ್ ಫಾಲ್ಸೆಟೊ 1990ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನಿಂದ ಹೊರತಂದ ‘ಇಥಿಯೋಪಿಕ್ಸ್’ ಸಿ.ಡಿ. ಸರಣಿಯಲ್ಲಿ. ಇಷ್ಟು ದಾರಿ ಸುತ್ತಿ ಬಂದ ಸಂಗೀತಕ್ಕೆ ಯಾರ ಊರು ಯಾವುದು ಅಂತ ಕೇಳಿ ಬಾಗಿಲು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮಲ್ಲೂ ಹಾಗೇ ಆಗಿದೆ. ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನಿಗೆ ಮನಸೋತಿದ್ದು ಮೈಸೂರು ಅರಮನೆ ಬ್ಯಾಂಡ್ ಕೇಳಿ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ವಾದ್ಯ ಬೆಲ್ಜಿಯಂನವನು ಮಾಡಿದ್ದು ಅಂತ ಅವರು ನುಡಿಸಿದ್ದನ್ನು ಯಾರೂ ಫ್ಯೂಷನ್ ಅನ್ನಲಿಲ್ಲ, ಕರ್ನಾಟಕ ಸಂಗೀತ ಅಂದರು. ನುಡಿಸುವ ಕ್ರಮ ಹಾಗಿತ್ತು. ನೀವೂ ಕ್ರಮ ಕಲಿತು ನುಡಿಸಿದರೆ ಇಥಿಯೋ-ಜಾಝ್ ಅಂತಲೇ ಬರೆಯಿರಿ.

ಬೇಸ್‌ಲೈನ್_ಬಸವನಗುಡಿ

ಎಲ್ಲರಿಗೂ ಧನ್ಯವಾದ. ತಾಳದ ಬಗ್ಗೆ ಯಾರಾದರೂ ಹೇಳ್ತೀರಾ? ನಮ್ಮ ಡ್ರಮ್ಮರ್ 6/8 (ಒಂದು ಬಾರಿಗೆ ಆರು ಮಾತ್ರೆ) ಹಿಡಿದಿದ್ದಾರೆ, ಅದು ವಾಲ್ಟ್ಜ್ (ಮೂರರ ಎಣಿಕೆಯ ಪಾಶ್ಚಾತ್ಯ ಕುಣಿತ) ಥರ ಕೇಳಿಸುತ್ತಿದೆ.

ತಕಿಟ

ಆ ಆರರ ನಡೆಗೆ ಅಲ್ಲಿ ‘ಚಿಕ್‌ಚಿಕಾ’ ಅಂತಾರೆ. ಒಳಗೆ ಎರಡು ಲೆಕ್ಕ ಒಟ್ಟಿಗೆ ಓಡಬೇಕು: ತಕಿಟ ತಕಿಟ ಮತ್ತು ತಕ ತಕ ತಕ. ಒಂದೇ ಲೆಕ್ಕ ಕೇಳಿಸಿದರೆ ವಾಲ್ಟ್ಜ್ ಆಗುವುದು ಸಹಜ.

ಹೀಗೆ ಮಾಡಿಸಿ. ಕಿಕ್ (ಕಾಲಲ್ಲಿ ಒದೆಯುವ ಡ್ರಮ್) 1 ಮತ್ತು 4ಕ್ಕೆ. ಹೈ-ಹ್ಯಾಟ್ (ಜೋಡಿ ತಾಳ) ಆರೂ ಮಾತ್ರೆಗೆ, ಆದರೆ ಒತ್ತು 1, 3, 5ಕ್ಕೆ. ಮೆಟ್ರೊನೋಮ್ ನಿಮಿಷಕ್ಕೆ 70 ಇಟ್ಟು, ಅದರ ಒಂದು ಟಿಕ್ಕಿಗೆ ಮೂರು ಮಾತ್ರೆ ಬರಲಿ. ಡ್ರಮ್ಮರ್ ಒಬ್ಬರೇ ಹತ್ತು ನಿಮಿಷ ಅದೇ ನುಡಿಸಲಿ, ಫಿಲ್ (ನಡುವೆ ತುಂಬುವ ಅಲಂಕಾರದ ಏಟುಗಳು) ಬೇಡ. ಆಮೇಲೆ ನೀವು ಬೇಸ್‌ನಲ್ಲಿ ಸ ಮತ್ತು ಪ ಮಾತ್ರ ಇಟ್ಟುಕೊಂಡು ಎರಡು ಬಾರಿನ ಒಂದು ಸುತ್ತು ಕಟ್ಟಿ, ಮೊದಲ ಬಾರಿನಲ್ಲಿ 1-4, ಎರಡನೆಯದರಲ್ಲಿ 1-3-5. ಕಾರ್ಡ್ ಬದಲಾಯಿಸುವ ಆಸೆ ಬರುತ್ತೆ, ಬೇಡ. ಸುತ್ತು ಬದಲಾಗದೆ ನಿಂತರೇನೇ ಮೇಲಿನ ಧಾಟಿ ಎದ್ದು ಕಾಣುವುದು. ಗಿಟಾರ್ ತಂತಿಯನ್ನು ಅಂಗೈಯಲ್ಲಿ ಅದುಮಿ, ಕಿಕ್ ಇಲ್ಲದ ಜಾಗದಲ್ಲಿ ಮಾತ್ರ ವಾ-ವಾ ಬಿಡಲಿ.

ಒಂದು ಎಚ್ಚರಿಕೆ: ತಿಸ್ರ ನಡೆ (ಮೂರರ ಎಣಿಕೆ) ಬಲ್ಲ ಡ್ರಮ್ಮರ್ ಆದರೆ ಕೊನೆಯಲ್ಲಿ ಮುಕ್ತಾಯ ಇಡೋಕೆ ಕೈ ತುಡಿಯುತ್ತದೆ. ಮೂರು ಸಲ ಹೇಳಿ ಸಮಕ್ಕೆ ಬಂದು ಬಿದ್ದ ಕೂಡಲೇ ಕೇಳುಗ ಮದ್ರಾಸ್ ಕಛೇರಿಗೆ ಬಂದುಬಿಡುತ್ತಾನೆ.

ಕವರ್_ಪುಟ

ಹಳೇ_ಎಲ್ಪಿ ಅವರ ಚರಿತ್ರೆ ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಪ್ರಕಾರದ ಹೆಸರು ಕಲಿಕೆಗೆ ಸಿಗುವ ಪದವಿ ಅಲ್ಲ, ಜನ ಹುಡುಕುವ ದಾರಿ. ‘ವರ್ಲ್ಡ್ ಮ್ಯೂಸಿಕ್’ ಅನ್ನುವ ಹಣೆಪಟ್ಟಿ ಬಂದಿದ್ದೂ ಹಾಗೇ: 1987ರ ಜೂನ್‌ನಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ರೆಕಾರ್ಡ್ ಕಂಪನಿಗಳು ಸೇರಿ, ಅಂಗಡಿಯಲ್ಲಿ ತಮ್ಮ ಎಲ್ಪಿ ಇಡಲು ಒಂದು ರ‍್ಯಾಕ್ ಬೇಕು ಅಂತ ಒಪ್ಪಿಕೊಂಡ ಹೆಸರು ಅದು. ಮಾರಾಟಕ್ಕೆ ನೆರವಾಯಿತು, ಮಾಲಿ ದೇಶದ ಕೋರಾ ವಾದ್ಯವನ್ನೂ ಬಲ್ಗೇರಿಯಾದ ಹೆಂಗಸರ ಕೋರಸ್ಸನ್ನೂ ಒಂದೇ ಕಡೆ ತುಂಬಿತು. ಗ್ರ್ಯಾಮಿಯವರು 2020ರಲ್ಲಿ ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಮಾಡಿದರು. ರ‍್ಯಾಕ್ ಅದೇ.

ಆಡಿಸ್‌ನಲ್ಲಿ ಇವತ್ತೂ ಈ ಸಂಗೀತ ನುಡಿಸುವ ಹುಡುಗರಿದ್ದಾರೆ. ಆ ಹೆಸರು ಹಾಕಿ ಹುಡುಕಿದವರಿಗೆ ಮೊದಲು ಅವರೇ ಸಿಗಲಿ ಅನ್ನುವುದು ನನ್ನ ನಿಲುವು. ಮುಖ್ಯ ಪ್ರಕಾರ ‘ಜಾಝ್’ ಅಂತ ಆರಿಸಿ. ಎರಡನೆಯದು ಕೇಳಿದರೆ ‘ವರ್ಲ್ಡ್’ ಬಿಟ್ಟು ‘ಇನ್‌ಸ್ಟ್ರುಮೆಂಟಲ್’ ಹಾಕಿ. ವಿವರಣೆಯಲ್ಲಿ ಬಿಡಿಸಿ ಬರೆಯಿರಿ: ಯಾವ ಟ್ರ್ಯಾಕ್ ಅಂಬಾಸೆಲ್, ಯಾವುದು ಬಾಟಿ ಮೈನರ್, ಯಾರಿಂದ ಪ್ರೇರಣೆ. ‘ಫ್ಯೂಷನ್’ ಅಂದರೆ ಏನೂ ಹೇಳಿದಂತಾಗುವುದಿಲ್ಲ.

ಇದಕ್ಕಿಂತ ದೊಡ್ಡದು ರಚನಕಾರರ ಹೆಸರು. ಮುಲಾತು ಅವರ ರಚನೆಗೆ ಸಂಯೋಜಕರ ಜಾಗದಲ್ಲಿ ಅವರ ಹೆಸರೇ ಇರಬೇಕು, ಕವರ್ ಲೈಸೆನ್ಸ್ (ಬೇರೆಯವರ ರಚನೆ ರೆಕಾರ್ಡ್ ಮಾಡುವ ಅನುಮತಿ) ಪಡೆದೇ ಬಿಡುಗಡೆ ಮಾಡಬೇಕು. ತಿಜಿತಾ ಜನರದ್ದು, ‘ಸಾಂಪ್ರದಾಯಿಕ’ ಅಂತ ಬರೆಯಬಹುದು. ಆದರೆ ನೀವು ಯಾರದೋ ರೆಕಾರ್ಡಿನ ಪೀಠಿಕೆ, ನಡುವಿನ ತುತ್ತೂರಿ ಸಾಲುಗಳನ್ನು ಹಾಗೇ ಎತ್ತಿಕೊಂಡಿದ್ದರೆ ಅದು ಆ ಅರೇಂಜರ್‌ದು (ವಾದ್ಯಗಳಿಗೆ ಹಂಚಿ ಕಟ್ಟಿದವರದು). ಅವರನ್ನು ಹೆಸರಿಸಿ, ಇಲ್ಲವೇ ಆ ಭಾಗ ನೀವೇ ಹೊಸದಾಗಿ ಕಟ್ಟಿ.

ಹಳೇ_ಎಲ್ಪಿ

ರಚನಕಾರರ ವಿಷಯದಲ್ಲಿ ಕವರ್_ಪುಟ ಹೇಳಿದ್ದು ನೂರಕ್ಕೆ ನೂರು ಸರಿ. ಪ್ರಕಾರದ ಹೆಸರಿನಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಸ್ವಂತ ರಚನೆ ಎರಡಕ್ಕೆ ‘ಜಾಝ್’ ಸಾಕು ಅನ್ನುವುದಕ್ಕೆ ನನ್ನ ತಕರಾರಿಲ್ಲ.

ಐದುಸ್ವರ

ಒಂದು ಸೇರ್ಪಡೆ. ಟೆನರ್ ಸ್ಯಾಕ್ಸೋಫೋನ್ ಬಿ ಫ್ಲಾಟ್ ವಾದ್ಯ (ಹಾಳೆಯ ‘ಸಿ’ ನುಡಿಸಿದರೆ ಬಿ ಫ್ಲಾಟ್ ಕೇಳಿಸುತ್ತದೆ), ಹಾಗಾಗಿ ನಿಮ್ಮ ಸಿ ಅವರ ಹಾಳೆಯಲ್ಲಿ ಡಿ. ಅಂಬಾಸೆಲ್ ಅವರಿಗೆ ಡಿ, ಇ ಫ್ಲಾಟ್, ಜಿ, ಎ, ಬಿ ಫ್ಲಾಟ್ ಆಗುತ್ತದೆ. ಹಾಳೆಯ ಮೇಲೆ ಕೀ ಸಿಗ್ನೇಚರ್ (ಸಾಲಿನ ಮೊದಲಿಗೆ ಬರೆಯುವ ಶಾರ್ಪ್-ಫ್ಲಾಟ್ ಗುರುತು) ಹಾಕಬೇಡಿ, ಐದು ಸ್ವರ ಮಾತ್ರ ಬರೆದುಕೊಡಿ. ಸಿಗ್ನೇಚರ್ ಕಂಡರೆ ಏಳು ಸ್ವರ ತುಂಬುವುದು ಕೈಯ ಅಭ್ಯಾಸ.