‘ಸೋಶಿಯಲೈಸ್ಡ್ ಮೆಡಿಸಿನ್’: ಕನ್ನಡದಲ್ಲಿ ಏನೆನ್ನೋಣ?

ಬಲ್ಲವರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಗಾಗಿ ನಡೆದ ರಾಜಕೀಯ ಪ್ರಯತ್ನಗಳ ಬಗ್ಗೆ ಉಡುಪಿಯ ಕಾಲೇಜು ವಿದ್ಯಾರ್ಥಿಗಳಿಗಾಗಿ ಲೇಖನ ಬರೆಯುತ್ತಿದ್ದೇನೆ. ವೈದ್ಯಕೀಯವೆಲ್ಲ ಸರಕಾರದ ಕೈಗೆ ಹೋಗುತ್ತದೆಂದು ಹೆದರಿಸಲು ವಿರೋಧಿಗಳು ಬಳಸಿದ ‘ಸೋಶಿಯಲೈಸ್ಡ್ ಮೆಡಿಸಿನ್’ ಎಂಬ ಬೈಗುಳದಲ್ಲಿ ಕೆಲಸ ನಿಂತಿದೆ.

1945ರ ನವೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಸಂಸತ್ತಿನ ಮುಂದಿಟ್ಟದ್ದು ಕಡ್ಡಾಯ ವಿಮೆಯ ಪ್ರಸ್ತಾವ. ದುಡಿಯುವವರಿಂದ ವಂತಿಗೆ ಪಡೆದು, ಆ ನಿಧಿಯಿಂದ ವೈದ್ಯರ ಮತ್ತು ಆಸ್ಪತ್ರೆಯ ಖರ್ಚು ಭರಿಸುವುದು ಅದರ ತಿರುಳು. ವೈದ್ಯರನ್ನು ಆರಿಸುವ ಸ್ವಾತಂತ್ರ್ಯ ರೋಗಿಗೇ ಇತ್ತು. ಆದರೂ ಅಲ್ಲಿನ ವೈದ್ಯರ ಸಂಘ ಅದನ್ನು ಈ ಹೆಸರಿನಿಂದ ಜರಿಯಿತು. ಶೀತಲ ಸಮರ ಕಾವೇರುತ್ತಿದ್ದ ಆ ವರ್ಷಗಳಲ್ಲಿ ಈ ಮಾತಿಗೆ ಕಮ್ಯುನಿಸಂನ ನಂಟು ಸುಲಭವಾಗಿ ಅಂಟಿಕೊಂಡಿತು. ತಾನು ಕೇಳುತ್ತಿರುವುದು ಅದಲ್ಲವೆಂದು ಟ್ರೂಮನ್ ಮೊದಲೇ ಹೇಳಿದ್ದರೂ ಪ್ರಸ್ತಾವ ಕಾನೂನಾಗಲಿಲ್ಲ. 1965ರಲ್ಲಿ ಬಂದ ಸರಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ ಆರಂಭದಲ್ಲಿ 65 ದಾಟಿದವರಿಗೆ ಮಾತ್ರ ಇತ್ತು.

ಇದನ್ನು ‘ಸಾಮಾಜಿಕ ವೈದ್ಯಕೀಯ’ ಎಂದರೆ ಬೈಗುಳವೇ ಹೊಗಳಿಕೆಯಾಗುತ್ತದೆ. ನಮ್ಮಲ್ಲಿ ‘ಸಾಮಾಜಿಕ’ದ ಜೊತೆ ಬರುವುದು ನ್ಯಾಯ, ಕಳಕಳಿ. ಮಂಗಳೂರು, ಮಣಿಪಾಲದ ವೈದ್ಯಕೀಯ ವಿದ್ಯಾರ್ಥಿಗಳಂತೂ ತಾವು ಓದುವ ಸಮುದಾಯ ವೈದ್ಯಶಾಸ್ತ್ರವೆಂದೇ ತಿಳಿದಾರು. ‘ಸಮಾಜವಾದಿ’ಯಾದರೆ ಸಂವಿಧಾನದ ಪ್ರಸ್ತಾವನೆಯಲ್ಲೇ ಇದೆ, ಅದರಿಂದ ಯಾರನ್ನು ಹೆದರಿಸುವುದು?

ಹಿರಿಯರೊಬ್ಬರು ‘ವೈದ್ಯಕೀಯದ ರಾಷ್ಟ್ರೀಕರಣ’ ಎಂದು ಸೂಚಿಸಿದರು. ಈ ಕರಾವಳಿಯಲ್ಲಿ ಅದು ತಟ್ಟನೆ ತಾಗುವ ಮಾತು. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ ಸರಕಾರದ ಪಾಲಾದವು. ಎಲ್ಲವೂ ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಬ್ಯಾಂಕುಗಳು. ಆ ಬಗ್ಗೆ ಪರವೂ ವಿರೋಧವೂ ಇಲ್ಲಿನ ಹಿರಿಯರಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ಧ್ವನಿ ಸರಿ, ಸಂಗತಿ ತಪ್ಪು. ಆಸ್ಪತ್ರೆಗಳನ್ನು ನಿಜಕ್ಕೂ ರಾಷ್ಟ್ರೀಕರಿಸಿದ್ದು 1948ರಲ್ಲಿ ಬ್ರಿಟನ್. ಟ್ರೂಮನ್ ಕೇಳಿದ್ದು ವಿಮೆ. ವಿರೋಧಿಗಳು ಕಲಸಿದ್ದೇ ಈ ಎರಡನ್ನು. ನಾನೂ ಹಾಗೆ ಬರೆದರೆ ಅವರ ಆರೋಪವನ್ನು ನಾನೇ ಅನುಮೋದಿಸಿದಂತಾಗುತ್ತದೆ. ‘ರಾಷ್ಟ್ರೀಯ ವಿಮೆ’, ‘ರಾಷ್ಟ್ರೀಕರಣ’ ಒಂದೇ ಪುಟದಲ್ಲಿ ಬಂದರೆ ವಿದ್ಯಾರ್ಥಿ ಎರಡನ್ನೂ ಒಂದೆಂದುಕೊಳ್ಳುವ ಅಪಾಯ ಬೇರೆ.

ಸದ್ಯಕ್ಕೆ ನನ್ನ ಒಲವು ‘ಸರಕಾರಿ ಹಿಡಿತದ ವೈದ್ಯಕೀಯ’ದ ಕಡೆಗೆ, ಅದೂ ಉದ್ಧರಣ ಚಿಹ್ನೆಯೊಳಗೆ. ‘ಹಿಡಿತ’ದಲ್ಲಿ ದೂರು ಇದೆ. ಆದರೆ ಅದು ವಿವರಣೆಯಂತಿದೆ, ಘೋಷಣೆಯ ಬಿರುಸು ಇಲ್ಲ. ಎರಡು ಪದಗಳಲ್ಲಿ ಹೇಳಲು ಸಾಧ್ಯವೇ?

ಮಂಗಳೂರಿನ ‘ನವಭಾರತ’ವೂ ಸೇರಿದಂತೆ ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ಯಾವುದಾದರೂ ಪದ ಬಳಕೆಯಾದದ್ದನ್ನು ಕಂಡವರಿದ್ದರೆ ದಯವಿಟ್ಟು ತಿಳಿಸಿ. ಬಿಡಿಪದಕ್ಕಿಂತ ಪೂರ್ತಿ ವಾಕ್ಯ ಸಿಕ್ಕರೆ ಹೆಚ್ಚು ಉಪಕಾರ.