ಪದಚರ್ಚೆ: ‘ರಿಪೇರ್ ಡಿಸ್ಕ್’, ‘ರಿಸ್ಟೋರ್’, ‘ರೀಸೆಟ್’ – ಅಂಟುಚೀಟಿಗೆ ಕನ್ನಡ ಬೇಕಾಗಿದೆ

ಹುಬ್ಬಳ್ಳಿಯಿಂದ, ಪ್ರಶ್ನೆ

ಎಲ್ಲರಿಗೂ ಶರಣು. ನಾನು ದುರ್ಗದಬೈಲಿನ ಹತ್ತಿರ ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ ನಡೆಸುವವನು. ಕುಂದಗೋಳ ತಾಲ್ಲೂಕಿನ ಕೆಲವು ಹಳ್ಳಿಶಾಲೆಗಳಿಗಾಗಿ ಇಪ್ಪತ್ತು ಪೆನ್‌ಡ್ರೈವ್‌ಗಳನ್ನು ಸಿದ್ಧಪಡಿಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೆಟ್ಟಾಗ ಶಿಕ್ಷಕರು ಹುಬ್ಬಳ್ಳಿಗೆ ಹೊತ್ತು ತರದೆ ತಾವೇ ಸರಿಮಾಡಿಕೊಳ್ಳಲಿ ಎಂಬುದು ಉದ್ದೇಶ. ಪ್ರತಿಯೊಂದರ ಮೇಲೆ ಎರಡು ಬೆರಳಗಲದ ಅಂಟುಚೀಟಿಯೂ ಜೊತೆಗೆ ಒಂದು ಪುಟದ ಸೂಚನೆಯೂ ಇರುತ್ತವೆ. ಎರಡೂ ನಾಡಿದ್ದು ಬೆಳಿಗ್ಗೆ ಗದುಗಿನ ಛಾಪಖಾನೆಗೆ ಹೋಗಬೇಕಾಗಿರುವುದರಿಂದ ನಾಳೆ ಸಂಜೆಯೊಳಗೆ ನಿಮ್ಮ ಮಾತು ತಿಳಿದರೆ ಉಪಕಾರವಾಗುತ್ತದೆ.

ಮೊದಲನೆಯದು ವಸ್ತುವಿನ ಹೆಸರು. ವಿಂಡೋಸ್ 7ರ ಕಾಲದಲ್ಲಿ ಇದನ್ನು ಸಿಡಿ ಅಥವಾ ಡಿವಿಡಿಯಲ್ಲಿ ಮಾಡುತ್ತಿದ್ದೆವು, ‘ಸಿಸ್ಟಮ್ ರಿಪೇರ್ ಡಿಸ್ಕ್’ ಎನ್ನುತ್ತಿದ್ದೆವು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲದ್ದರಿಂದ ‘ಮುದ್ರಿಕೆ’, ‘ತಟ್ಟೆ’ ಎಂಬ ಹಳೆಯ ಅನುವಾದಗಳು ಒಪ್ಪುವುದಿಲ್ಲ. ವಿಂಡೋಸ್ ತಾನೇ ಮಾಡಿಕೊಡುವ ‘ರಿಕವರಿ ಡ್ರೈವ್’ 16 ಜಿಬಿಯ ಪೆನ್‌ಡ್ರೈವ್ ಕೇಳುತ್ತದೆ, ಅದು ಮಾಡಿದ ಯಂತ್ರಕ್ಕೆ ಹೊಂದುವಂಥದ್ದು. ಶಾಲೆಗಳಲ್ಲಿ ನಾನಾ ಕಂಪನಿಯ ಲ್ಯಾಪ್‌ಟಾಪ್‌ಗಳಿರುವುದರಿಂದ ನಾನು 8 ಜಿಬಿಯಲ್ಲಿ ವಿಂಡೋಸ್ 10ರ ಇನ್‌ಸ್ಟಾಲೇಶನ್ ಪ್ರತಿಯನ್ನೇ ಹಾಕುತ್ತಿದ್ದೇನೆ. ಅದರಲ್ಲಿ ಭಾಷೆ ಆರಿಸಿ ಮುಂದೆ ಹೋದಾಗ ಬರುವ ಪರದೆಯಲ್ಲಿ ‘ಇನ್‌ಸ್ಟಾಲ್ ನೌ’ ಎಂಬುದು ನಡುವೆ ದೊಡ್ಡದಾಗಿಯೂ ‘ರಿಪೇರ್ ಯುವರ್ ಕಂಪ್ಯೂಟರ್’ ಎಂಬುದು ಕೆಳಗಿನ ಮೂಲೆಯಲ್ಲಿ ಸಣ್ಣದಾಗಿಯೂ ಕಾಣುತ್ತವೆ.

ಎರಡನೆಯದೇ ನನ್ನ ನಿಜವಾದ ತೊಡಕು. ‘ರಿಪೇರ್’ ಎಂದರೆ ವಿಂಡೋಸ್ ಶುರುವಾಗುವ ದಾರಿಯಲ್ಲಿ ಕೆಟ್ಟದ್ದನ್ನಷ್ಟೇ ಸರಿಮಾಡುವುದು. ನಮ್ಮ ಕಡತಗಳಿಗೆ ಕೈ ಹಚ್ಚುವುದಿಲ್ಲ. ‘ರಿಸ್ಟೋರ್’ ಎಂದರೆ ವ್ಯವಸ್ಥೆಯ ಕಡತಗಳನ್ನೂ ಸೆಟ್ಟಿಂಗ್‌ಗಳನ್ನೂ ಮುಂಚೆ ಗುರುತಿಟ್ಟ ಒಂದು ದಿನದ ಸ್ಥಿತಿಗೆ ಒಯ್ಯುವುದು. ಅಲ್ಲಿಯೂ ನಮ್ಮ ಫೋಟೋ, ಪತ್ರಗಳು ಉಳಿಯುತ್ತವೆ. ‘ರೀಸೆಟ್’ನಲ್ಲಿ ಕಡತ ಉಳಿಸಿಕೊಳ್ಳುವ ಆಯ್ಕೆಯೂ ಎಲ್ಲವನ್ನೂ ತೆಗೆದುಹಾಕುವ ಆಯ್ಕೆಯೂ ಇವೆ, ಮೊದಲನೆಯದನ್ನು ಆರಿಸಿದರೂ ಕನ್ನಡ ಬೆರಳಚ್ಚಿನ ‘ನುಡಿ’ಯೂ ಸೇರಿದಂತೆ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ‘ಫಾರ್ಮ್ಯಾಟ್ ಹೊಡೆದು’ ಹೊಸ ವಿಂಡೋಸ್ ಹಾಕಿದರೆ ಡಿಸ್ಕಿನ ಆ ಭಾಗದಲ್ಲಿ ಇದ್ದದ್ದೆಲ್ಲವೂ ಹೋಗುತ್ತದೆ. ಇವಕ್ಕೆಲ್ಲ ನಮ್ಮಲ್ಲಿ ಓಡಾಡುತ್ತಿರುವ ಅನುವಾದಗಳು ಮರುಪಡೆ, ಮರುಸ್ಥಾಪಿಸು, ಮರುಹೊಂದಿಸು ಎಂದು ಒಂದೇ ಮುಖದವು.

ಹೋದ ವರ್ಷ ನಾನು ಬರೆದುಕೊಟ್ಟ ಹಾಳೆಯಲ್ಲಿ ‘ವಿಂಡೋಸನ್ನು ಮರುಸ್ಥಾಪಿಸಿ’ ಎಂದಿತ್ತು. ಹಳ್ಳಿಯ ಒಬ್ಬ ಮುಖ್ಯೋಪಾಧ್ಯಾಯರು ಅದನ್ನು ಓದಿ, ಮೊದಲಿದ್ದದ್ದು ಮತ್ತೆ ಬರುತ್ತದೆ ಎಂದು ನಂಬಿ, ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದರು. ಮೂರು ವರ್ಷದ ಅಂಕಪಟ್ಟಿಗಳೂ ಶಾಲೆಯ ಫೋಟೋಗಳೂ ಹೋದವು. ಅವರು ನನ್ನ ಅಂಗಡಿಗೆ ಬಂದು ಕುಳಿತ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ, ಅದಕ್ಕಾಗಿಯೇ ಈ ಸಲ ಕೇಳಿ ಬರೆಯುತ್ತಿದ್ದೇನೆ.

ಮೂರನೆಯದು ‘ಬೂಟ್’, ಅಂದರೆ ಯಂತ್ರ ಹತ್ತಿ ವಿಂಡೋಸ್ ಶುರುವಾಗುವುದು. ಅದು ಆಗದಿದ್ದರೆ ನಮ್ಮ ಕಡೆ ‘ಚಾಲೂ ಆಗವಲ್ದು’ ಎನ್ನುತ್ತಾರೆ. ಆದರೆ ದೀಪ ಹತ್ತದಿರುವುದಕ್ಕೂ, ದೀಪ ಹತ್ತಿ ಫ್ಯಾನ್ ತಿರುಗಿ ವಿಂಡೋಸ್ ಮಾತ್ರ ಬಾರದಿರುವುದಕ್ಕೂ ಅದೊಂದೇ ಮಾತು. ಮೊದಲನೆಯದಕ್ಕೆ ಈ ಪೆನ್‌ಡ್ರೈವ್ ಕೆಲಸಕ್ಕೆ ಬರುವುದಿಲ್ಲ.

ಧಾರವಾಡದಿಂದ

ಪ್ರಶ್ನೆ ಕೇಳಿದವರ ಕಾಳಜಿ ಮೆಚ್ಚುವಂಥದ್ದು, ಆದರೆ ಪದಗಳ ಕುಲ ನೋಡದೆ ಮುಂದೆ ಹೋಗಬಾರದು. ‘ಮರುಸ್ಥಾಪನೆ’ಯಲ್ಲಿ ಕನ್ನಡದ ಪೂರ್ವಪದಕ್ಕೆ ಸಂಸ್ಕೃತದ ಉತ್ತರಪದವನ್ನು ಅಂಟಿಸಲಾಗಿದೆ; ಅದು ಅರಿಸಮಾಸ, ಅದನ್ನು ಮೊದಲು ಬಿಡಿ. ‘ದುರಸ್ತಿ’ ಪಾರಸಿಯಿಂದ ಬಂದ ಅನ್ಯದೇಶ್ಯ. ‘ಸರಿ’ ಎಂಬ ನಮ್ಮದೇ ಪದ ಇರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

‘ಬೂಟ್’ನ ಹಿಂದೆ, ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವ ಕಲ್ಪನೆ ಇದೆ. ಅದನ್ನು ಅನುವಾದಿಸಬೇಕಾಗಿಲ್ಲ. ನಮ್ಮಲ್ಲಿ ‘ಹೂಡು’ ಇದೆ. ಹಳಗನ್ನಡದ ‘ಪೂಡು’ ಪಕಾರ ಹಕಾರವಾಗಿ ಇಂದಿಗೂ ರೈತರ ಬಾಯಲ್ಲಿ ಬದುಕಿದೆ: ಬಂಡಿ ಹೂಡುತ್ತಾರೆ, ಗಳೆ ಹೂಡುತ್ತಾರೆ. ಎತ್ತು, ನೊಗ, ಬಂಡಿ ಬೇರೆಬೇರೆಯಾಗಿ ನಿಂತಿರುವುದನ್ನು ಒಂದಕ್ಕೊಂದು ಕಟ್ಟಿ ಹೊರಡುವಂತೆ ಮಾಡುವುದೇ ಹೂಡುವುದು. ಯಂತ್ರದ ಭಾಗಗಳನ್ನೆಲ್ಲ ಒಂದಾಗಿಸಿ ಕೆಲಸಕ್ಕೆ ಹಚ್ಚುವ ಕ್ರಿಯೆಗೆ ಇದಕ್ಕಿಂತ ತಕ್ಕ ಧಾತು ನನಗೆ ಬೇರೆ ಹೊಳೆಯುವುದಿಲ್ಲ. ಊರುಗೋಲು, ಅಳತೆಗೋಲುಗಳಂತೆ ಕಕಾರಕ್ಕೆ ಗಕಾರ ಆದೇಶವಾಗಿ ನಿಮ್ಮ ಪೆನ್‌ಡ್ರೈವ್ ‘ಹೂಡುಗೋಲು’ ಆಗಲಿ. ಎರಡು ಬೆರಳಗಲದಲ್ಲಿ ಸುಖವಾಗಿ ಕೂರುತ್ತದೆ.

ಹಾವೇರಿಯಿಂದ

‘ಹೂಡುಗೋಲು’ ಬೇಡವೇ ಬೇಡ. ಹೂಡಿಕೆ ಎಂದರೆ ಇವತ್ತು ಹಣ ಹಾಕುವುದು, ಹೂಡುಗೋಲು ಎಂದರೆ ಏನೆಂದು ಯಾವ ಶಿಕ್ಷಕರಿಗೂ ತಿಳಿಯುವುದಿಲ್ಲ. ಪಾರಸಿ, ಅರಬ್ಬಿ ಎಂದು ದುರಸ್ತಿಯನ್ನು ಹೊರಹಾಕುವವರು ಕಾಗದ, ಅರ್ಜಿ, ಜಮೀನುಗಳನ್ನೂ ಹೊರಹಾಕಬೇಕಾಗುತ್ತದೆ, ಉತ್ತರ ಕರ್ನಾಟಕದ ಕನ್ನಡದಲ್ಲಂತೂ ಮಾತನಾಡಲು ಅರ್ಧವೂ ಉಳಿಯುವುದಿಲ್ಲ. ರಸ್ತೆ ದುರಸ್ತಿ, ಪಂಪು ದುರಸ್ತಿ ಎಂದು ಪಂಚಾಯಿತಿಯ ಫಲಕದಲ್ಲಿ ಓದಿದವರೆಲ್ಲರಿಗೂ ಅದು ಗೊತ್ತು. ‘ದುರಸ್ತಿ ಪೆನ್‌ಡ್ರೈವ್’. ಮುಗಿಯಿತು.

ಗದಗದಿಂದ

ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ ನನ್ನದಾದ್ದರಿಂದ, ಹೆಸರಿಗಿಂತ ‘ಮರು’ವಿನ ಬಗ್ಗೆಯೇ ಹೇಳಬೇಕೆನಿಸುತ್ತದೆ. ಮೇಲಿನ ಇಬ್ಬರೂ ಅದನ್ನು ದಾಟಿ ಹೋಗಿದ್ದಾರೆ.

ಹಳೆಯ ‘ಮಱು’ವಿಗೆ ‘ಮತ್ತೆ’ ಎಂಬ ಅರ್ಥದಷ್ಟೇ ‘ಬೇರೆಯ, ಮುಂದಿನ’ ಎಂಬ ಅರ್ಥವೂ ಇದೆ. ಮರುದಿನ ಎಂದರೆ ಅದೇ ದಿನ ಮತ್ತೆ ಬಂದದ್ದಲ್ಲ, ಮರುಮಾತು ಎಂದರೆ ಅದೇ ಮಾತನ್ನು ಇನ್ನೊಮ್ಮೆ ಆಡಿದ್ದಲ್ಲ. ಆದರೆ ಮರುಮುದ್ರಣ ಎಂದರೆ ಅದೇ ಪುಸ್ತಕ. ಹೀಗಾಗಿ ಹಿಂದಿನದು ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದನ್ನು ‘ಮರು’ ತಾನಾಗಿ ಹೇಳುವುದಿಲ್ಲ, ಅದರ ಮುಂದಿನ ಪದ ಹೇಳಬೇಕು. ‘ಸ್ಥಾಪಿಸು’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗುಡಿ. ಜೀರ್ಣೋದ್ಧಾರ ಮುಗಿದ ಮೇಲೆ ಮೂರ್ತಿಯನ್ನು ಮರುಸ್ಥಾಪಿಸಿದರು ಎಂದರೆ ಅದೇ ಮೂರ್ತಿ, ಅದೇ ಪೀಠಕ್ಕೆ ಬಂತು ಎಂದರ್ಥ. ಆ ಮುಖ್ಯೋಪಾಧ್ಯಾಯರು ಕನ್ನಡವನ್ನು ಸರಿಯಾಗಿಯೇ ಓದಿದರು. ತಪ್ಪಿದ್ದದ್ದು ಪದದಲ್ಲಿ.

ಆದ್ದರಿಂದ ಒಂಟಿ ನಾಮಪದಗಳನ್ನು ಹುಡುಕುವುದನ್ನು ಬಿಟ್ಟು, ಏನಾಗುತ್ತದೆ ಎಂಬುದನ್ನು ಕ್ರಿಯಾಪದದಲ್ಲಿ ಬರೆಯಿರಿ: ‘ದುರಸ್ತಿ ಮಾಡು’, ‘ಹಿಂದಿನ ದಿನದ ಸ್ಥಿತಿಗೆ ತಾ’, ‘ಅಳಿಸಿ ಹೊಸದಾಗಿ ಹಾಕು’. ಮೂರನೆಯದರಲ್ಲಿ ‘ಅಳಿಸಿ’ ಮೊದಲು ಬರಬೇಕು, ದಪ್ಪಕ್ಷರದಲ್ಲಿ ಬರಬೇಕು. ‘ಬೂಟ್’ಗೆ ‘ಏಳು’ ಸಾಕು. ಯಂತ್ರ ಚಾಲೂ ಆಯಿತು, ವಿಂಡೋಸ್ ಏಳಲಿಲ್ಲ ಎಂದರೆ ನೀವು ಹೇಳಿದ ಎರಡು ಸ್ಥಿತಿಗಳೂ ಬೇರೆಯಾಗುತ್ತವೆ.

ಧಾರವಾಡದಿಂದ, ಮತ್ತೆ

ಚಲಾವಣೆಯಲ್ಲಿದೆ ಎಂಬುದು ವ್ಯಾಕರಣಕ್ಕೆ ಪ್ರಮಾಣವಲ್ಲ, ಪಂಚಾಯಿತಿಯ ಫಲಕ ಶಾಸ್ತ್ರವೂ ಅಲ್ಲ. ‘ದುರಸ್ತಿ’ಯನ್ನು ನಾನು ಒಪ್ಪಿಲ್ಲ. ‘ಏಳು’ ಮಾತ್ರ ಅಚ್ಚಗನ್ನಡದ ಧಾತು, ಅರ್ಥಕ್ಕೂ ಹೊಂದುತ್ತದೆ. ‘ಹೂಡು’ವನ್ನು ಹಿಂದಕ್ಕೆ ಪಡೆದಿದ್ದೇನೆ.

ಹುಬ್ಬಳ್ಳಿಯಿಂದ

ಹಿರಿಯರೆಲ್ಲರಿಗೂ ನಮಸ್ಕಾರ. ಧಾರವಾಡದ ಗುರುಗಳು ಮನ್ನಿಸಬೇಕು, ಹೆಸರು ‘ದುರಸ್ತಿ ಪೆನ್‌ಡ್ರೈವ್’ ಎಂದೇ ಇರಲಿ. ಅಂಗಡಿಯ ಹುಡುಗನಿಗೂ ಲ್ಯಾಪ್‌ಟಾಪ್ ತಂದ ಇಬ್ಬರು ಶಿಕ್ಷಕಿಯರಿಗೂ ಹೆಸರುಗಳನ್ನು ಬರೆದು ತೋರಿಸಿದೆ. ಮೂವರೂ ಕೇಳದೆ ಅರ್ಥಮಾಡಿಕೊಂಡದ್ದು ಇದೊಂದನ್ನೇ. ಚೀಟಿಯಲ್ಲಿ ಹೆಸರಿನ ಕೆಳಗೆ ‘ಯಂತ್ರ ಚಾಲೂ ಆಗಿ ವಿಂಡೋಸ್ ಏಳದಿದ್ದರೆ’ ಎಂಬ ಸಾಲು ಇರುತ್ತದೆ.

ಸೂಚನೆಯ ಪುಟದಲ್ಲಿ ಗದಗಿನವರು ಹೇಳಿದ ಮೂರು ಕ್ರಿಯಾಪದಗಳನ್ನು ಹಾಗೆಯೇ ಇಟ್ಟು, ಪ್ರತಿಯೊಂದರ ಮುಂದೆ ‘ನಿಮ್ಮ ಕಡತಗಳು ಉಳಿಯುತ್ತವೆ’ ಅಥವಾ ‘ನಿಮ್ಮ ಕಡತಗಳು ಅಳಿಯುತ್ತವೆ’ ಎಂದು ಸೇರಿಸಿದ್ದೇನೆ. ಪರದೆಯ ಮೇಲೆ ಕಾಣುವ ಇಂಗ್ಲಿಷ್ ಮಾತನ್ನು ಕನ್ನಡ ಲಿಪಿಯಲ್ಲಿ ಪಕ್ಕಕ್ಕೆ ಕೊಟ್ಟಿದ್ದೇನೆ, ಏಕೆಂದರೆ ಅವರು ಒತ್ತಬೇಕಾದದ್ದು ಅದನ್ನೇ. ‘ಮರು’ ಎಂಬುದು ಪುಟದಲ್ಲಿ ಎಲ್ಲಿಯೂ ಉಳಿದಿಲ್ಲ.

ಒಂದೇ ಪದ ಬಾಕಿ ಇದೆ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿರುವ ಲ್ಯಾಪ್‌ಟಾಪ್‌ಗಳು ಈ ಪೆನ್‌ಡ್ರೈವಿನಿಂದ ಎದ್ದಾಗ 48 ಅಂಕಿಗಳ ‘ರಿಕವರಿ ಕೀ’ ಕೇಳುತ್ತವೆ. ಕರಡಿನಲ್ಲಿ ‘ಕೀಲಿ’ ಎಂದು ಬರೆದಿದ್ದೆ, ಆದರೆ ನಮ್ಮ ಕಡೆ ಕೀಲಿ ಎಂದರೆ ಬೀಗ, ಅದನ್ನು ತೆಗೆಯುವುದು ಕೀಲಿಕೈ. ‘48 ಅಂಕಿಗಳ ಕೀಲಿಕೈ’ ಎಂದು ತಿದ್ದಿ ಇಂದು ರಾತ್ರಿಯೇ ಗದುಗಿಗೆ ಕಳಿಸುತ್ತಿದ್ದೇನೆ. ತಪ್ಪೆನಿಸಿದವರು ನಾಳೆ ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಬೇಕಾಗಿ ವಿನಂತಿ.